ರಾಡ್ ಎಷ್ಟು ದಪ್ಪ ಅಂತ ಕೇಳೋಕೆ ಮೊದಲು

ಏಪ್ರಿಲ್ ಕೊನೆಗೆ ನಮ್ಮ ಬ್ಯಾಡಗಿ ಕಡೆ ಗಾಳಿ-ಮಳೆ ಶುರುವಾಯಿತೆಂದರೆ ನನ್ನ ಫೋನಿಗೆ ಒಂದೇ ತರಹದ ಮೆಸೇಜುಗಳು ಬರುತ್ತವೆ. ಮೊದಲು ಒಂದು ಫೋಟೊ. ಅದರಲ್ಲಿ ಅಂಚು ಎದ್ದ ತಗಡು, ಇಲ್ಲವೇ ವಾಲಿದ ಟ್ಯಾಂಕ್ ಸ್ಟ್ಯಾಂಡ್, ಇಲ್ಲವೇ ಹೊಟ್ಟೆ ಬಂದ ಮಣ್ಣಿನ ಗೋಡೆ. ಅದರ ಕೆಳಗೆ ಒಂದೇ ಸಾಲು: "ಎಷ್ಟು ಸೂತಿನ ರಾಡ್ ಹಾಕಿಸ್ಲಿ?"

ಕೇಳುವವರು ಹೆಚ್ಚಾಗಿ ನಿಮ್ಮಂಥವರೇ. ಕೆಲಸ ಬೆಂಗಳೂರಲ್ಲೋ ಪುಣೆಯಲ್ಲೋ, ಮನೆ ಮಾತ್ರ ಮೋಟೆಬೆನ್ನೂರಲ್ಲೋ ರಾಣೆಬೆನ್ನೂರಿನ ಹಳ್ಳಿಯಲ್ಲೋ. ಊರಲ್ಲಿ ಅಪ್ಪನೋ ಕಾಕಾನೋ ಹಾರ್ಡ್‌ವೇರ್ ಅಂಗಡಿ ಮುಂದೆ ನಿಂತು ಫೋನ್ ಮಾಡಿರುತ್ತಾರೆ. ದುಡ್ಡು ಇಲ್ಲಿಂದ ಹೋಗಬೇಕು, ಜೊತೆಗೆ 'ಹೂಂ' ಅನ್ನೋ ಮಾತೂ ಇಲ್ಲಿಂದಲೇ ಹೋಗಬೇಕು. ಸಿವಿಲ್ ಓದಿದವನು ಅಂತ ಆ ಪ್ರಶ್ನೆ ನನಗೆ ಫಾರ್ವರ್ಡ್ ಆಗುತ್ತದೆ.

ನಾನು ವಾಪಸ್ ಬರೆಯೋದೂ ಒಂದೇ ಸಾಲು: "ರಾಡಿನ ಎರಡೂ ತುದಿ ಎಲ್ಲಿ ಕೂರುತ್ತವೆ, ಅದರ ಫೋಟೊ ಕಳಿಸಿ."

ಕೆಲವರಿಗೆ ಇದು ತಲೆಹರಟೆ ಅನ್ನಿಸುತ್ತದೆ. ಆದರೆ ಮನೆ ರಿಪೇರಿಯಲ್ಲಿ ರಾಡ್ ಮಧ್ಯದಲ್ಲಿ ತುಂಡಾಗಿ ಅನಾಹುತ ಆಗೋದು ಬಹಳ ಕಡಿಮೆ. ಸೋಲುವುದು ತುದಿ. ನಟ್ ಜಾರುತ್ತದೆ, ವಾಷರ್ ತಗಡನ್ನು ಹರಿದುಕೊಂಡು ಬರುತ್ತದೆ, ಆಂಕರ್ ಸ್ಲ್ಯಾಬಿನಿಂದ ಕಿತ್ತು ಬರುತ್ತದೆ, ತಟ್ಟೆ ಗೋಡೆಯೊಳಗೆ ಹೂತುಹೋಗುತ್ತದೆ. ಅದಕ್ಕೇ ರಾಡ್ ಆರಿಸುವುದು ಅಂದರೆ ತುದಿ ಆರಿಸುವುದು. ಈ ಸಲದ ಅಂಕಣ ಪೂರ್ತಿ ಅದರ ಬಗ್ಗೆಯೇ.

ಸೂತೋ, ಎಂ.ಎಂ.ಓ?

ಮೊದಲು ಹೆಸರು. ಉದ್ದಕ್ಕೂ ಸುತ್ತು ಕೊರೆದಿರುವ ಕಬ್ಬಿಣದ ಸರಳಿಗೆ ಹಾವೇರಿ-ರಾಣೆಬೆನ್ನೂರು ಅಂಗಡಿಗಳಲ್ಲಿ 'ಥ್ರೆಡ್ ರಾಡ್', 'ಫುಲ್ ಥ್ರೆಡ್', 'ಚೂಡಿ ರಾಡ್' ಅಂತೆಲ್ಲ ಕರೆಯುತ್ತಾರೆ. ತುಂಡು ಮಾಡಿದರೆ ಅದೇ 'ಸ್ಟಡ್'. ಸಾಮಾನ್ಯವಾಗಿ ಒಂದು, ಎರಡು, ಮೂರು ಮೀಟರ್ ಉದ್ದದಲ್ಲಿ ಸಿಗುತ್ತದೆ. ಬೇಕಾದಷ್ಟು ಕತ್ತರಿಸಿ, ಎರಡೂ ಕಡೆ ನಟ್ ಹಾಕಿ ಬಿಗಿದರೆ ನಮಗೆ ಬೇಕಾದ ಉದ್ದದ ಬೋಲ್ಟ್ ರೆಡಿ. ಅನುಕೂಲ ಇರುವುದು ಇಲ್ಲೇ. ತೊಂದರೆ ಶುರುವಾಗುವುದೂ ಇಲ್ಲೇ.

ಯಾಕೆಂದರೆ ನಮ್ಮ ಕಡೆ ಎರಡು ಅಳತೆಗಳು ಒಟ್ಟಿಗೆ ಬದುಕಿವೆ. ಒಂದು ಸೂತು ಅಂದರೆ ಇಂಚಿನ ಎಂಟನೇ ಒಂದು ಭಾಗ. ಗೌಂಡಿಗಳು ಮೂರು ಸೂತಿನ ಸರಳು ಅಂದರೆ 10 ಎಂ.ಎಂ., ನಾಲ್ಕು ಸೂತು ಅಂದರೆ 12 ಎಂ.ಎಂ. ಅಂತ ಲೆಕ್ಕ. ಸ್ಲ್ಯಾಬಿನ ಸರಳಿಗೆ ಹೀಗೆ ಹೇಳಿದರೆ ಯಾರಿಗೂ ನಷ್ಟವಿಲ್ಲ. ಥ್ರೆಡ್ ರಾಡಿಗೆ ಹೀಗೆ ಹೇಳಿದರೆ ನಷ್ಟ ಇದೆ.

ನಿಜವಾದ ನಾಲ್ಕು ಸೂತು ಅಂದರೆ ಅರ್ಧ ಇಂಚು, 12.7 ಎಂ.ಎಂ. ಅದರ ಸುತ್ತು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಪದ್ಧತಿಯದು: ಒಂದು ಇಂಚಿಗೆ 12 ಸುತ್ತು, ಸುತ್ತಿನ ಕೋನ 55 ಡಿಗ್ರಿ. ಎಂ12 ಅಂತ ಬರುವುದು ಮೆಟ್ರಿಕ್. ದಪ್ಪ 12 ಎಂ.ಎಂ., ಸುತ್ತಿನಿಂದ ಸುತ್ತಿಗೆ 1.75 ಎಂ.ಎಂ., ಕೋನ 60 ಡಿಗ್ರಿ. ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಗೆ ಕಾನೂನು ಬಂದಿದ್ದು 1956ರಲ್ಲಿ. ಆದರೂ ಅಂಗಡಿಯ ಡಬ್ಬಿಗಳಲ್ಲಿ ಇವೆರಡೂ ಇವತ್ತಿಗೂ ಅಕ್ಕಪಕ್ಕ ಕೂತಿರುತ್ತವೆ.

ಎಂ12 ರಾಡಿಗೆ ಅರ್ಧ ಇಂಚಿನ ನಟ್ ಹಾಕಿ ನೋಡಿ. ಸಡಿಲವಾಗಿ ಒಂದೆರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ಮೇಲೆ ಹತ್ತಿ ನಿಂತ ಹುಡುಗ "ಟೈಟ್ ಆತ್ರಿ ಸರ" ಅಂತಾನೆ. ಪಾನಾ ಕೈಗೆ ಹೇಳುವುದೂ ಅದನ್ನೇ. ಆದರೆ ಅದು ಒಂದೆರಡು ಸುತ್ತುಗಳು ಒಂದಕ್ಕೊಂದು ಕಚ್ಚಿಕೊಂಡ ಬಿಗಿ. ನಟ್ಟಿನ ಪೂರ್ತಿ ಎತ್ತರ ಭಾರ ಹಿಡಿದ ಬಿಗಿಯಲ್ಲ. ಮೂರು ಸೂತಿನದಕ್ಕೂ ಎಂ10ಕ್ಕೂ ಇದೇ ಕಥೆ. ಅವೆರಡರ ಸುತ್ತಿನ ಅಂತರ 1.59 ಮತ್ತು 1.5 ಎಂ.ಎಂ. ಕಣ್ಣಿಗೆ ಏನೂ ಗೊತ್ತಾಗಲ್ಲ.

ಪರೀಕ್ಷೆ ಸುಲಭ. ನಟ್ ಅನ್ನು ಬರಿ ಬೆರಳಲ್ಲಿ ತಿರುಗಿಸುತ್ತ ರಾಡಿನ ಮೇಲೆ ಒಂದು ಗೇಣಾದರೂ ಓಡಿಸಿ. ಪಾನಾ ಬೇಡಿದರೆ ಜೋಡಿ ತಪ್ಪಿದೆ, ಇಲ್ಲವೇ ಸುತ್ತು ಪೆಟ್ಟಾಗಿದೆ. ಗಡಗಡ ಅಲ್ಲಾಡಿದರೂ ಜೋಡಿ ತಪ್ಪಿದೆ. ರಾಡ್, ನಟ್, ವಾಷರ್ ಮೂರನ್ನೂ ಒಂದೇ ಕೌಂಟರಿನಲ್ಲಿ, ಒಂದೇ ದಿನ ತೆಗೆದುಕೊಳ್ಳಿ. "ನಟ್ ಮನ್ಯಾಗ ಅದಾವ" ಅಂತ ಅಪ್ಪ ಹೇಳಿದರೆ, ಆ ಡಬ್ಬಿಯನ್ನೂ ಅಂಗಡಿಗೆ ತಗೊಂಡು ಹೋಗಲು ಹೇಳಿ.

ಎಷ್ಟು ಭಾರ ಹೊರುತ್ತದೆ?

ಈಗ ದಪ್ಪದ ಲೆಕ್ಕ. ಇಲ್ಲೂ ಒಂದು ಸೂಕ್ಷ್ಮ ಇದೆ. 12 ಎಂ.ಎಂ. ರಾಡ್ ಅಂದರೆ ಸುತ್ತಿನ ಮೇಲ್ತುದಿಯಿಂದ ಮೇಲ್ತುದಿಗೆ 12. ಸುತ್ತಿನ ತಳದಲ್ಲಿ ಉಳಿಯುವ ಕಬ್ಬಿಣ ಸುಮಾರು 10 ಎಂ.ಎಂ. ಮಾತ್ರ. ಆದ್ದರಿಂದ ನುಣುಪಾದ 12ರ ಸರಳಿನ ಶಕ್ತಿಯನ್ನು ಥ್ರೆಡ್ ರಾಡಿಗೆ ಲೆಕ್ಕ ಹಿಡಿಯಬೇಡಿ.

ಅಂಗಡಿಯಲ್ಲಿ ಏನೂ ಹೇಳದೆ ಕೊಡುವ ರಾಡ್ ಸಾಮಾನ್ಯವಾಗಿ ಮೆದು ಉಕ್ಕಿನದು. ಅದನ್ನು 4.6 ಗ್ರೇಡ್ ಅಂತ ಹಿಡಿಯೋಣ. ಈ ಅಂಕಿಯನ್ನು ಓದುವುದು ಸುಲಭ. ಮೊದಲ ಅಂಕಿಯನ್ನು ನೂರರಿಂದ ಗುಣಿಸಿದರೆ, ಒಂದು ಚದರ ಎಂ.ಎಂ. ಉಕ್ಕು ಹರಿಯಲು ಬೇಕಾದ ನ್ಯೂಟನ್‌ಗಳು: 400. ಚುಕ್ಕಿಯ ನಂತರದ್ದು, ಅದರ ಹತ್ತರಲ್ಲಿ ಎಷ್ಟು ಪಾಲಿಗೆ ರಾಡ್ ಶಾಶ್ವತವಾಗಿ ಹಿಗ್ಗಲು ಶುರುಮಾಡುತ್ತದೆ ಅನ್ನೋದು: ಆರು ಪಾಲು, ಅಂದರೆ 240. ಹಾಗೆಯೇ 8.8 ಅಂದರೆ 800 ಮತ್ತು 640.

ಹರಿಯುವ ಮಟ್ಟದ ಐದನೇ ಒಂದು ಭಾಗವನ್ನು ಮಾತ್ರ ಬಳಸುವುದು ಅಂತ ಇಟ್ಟುಕೊಂಡರೆ, 4.6ರ ಒಂದೊಂದು ರಾಡ್ ನೇರ ಎಳೆತಕ್ಕೆ ತಡೆಯುವುದು ಹೆಚ್ಚು-ಕಡಿಮೆ ಇಷ್ಟು:

ಎಂ8 – 300 ಕೆ.ಜಿ.
ಎಂ10 – 470 ಕೆ.ಜಿ.
ಎಂ12 – 690 ಕೆ.ಜಿ.
ಎಂ16 – 1,280 ಕೆ.ಜಿ.

ಇದನ್ನೊಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಸಾವಿರ ಲೀಟರ್ ಟ್ಯಾಂಕಿನ ನೀರು ಒಂದು ಟನ್. ಅಂದರೆ ನಾಲ್ಕು ಎಂ10 ರಾಡ್ ಆ ಭಾರವನ್ನು ನೇತುಹಾಕಿಯೂ ತಡೆಯಬಲ್ಲವು, ಎಳೆತ ನೇರವಾಗಿ ನಾಲ್ಕಕ್ಕೂ ಸಮನಾಗಿ ಬಿದ್ದರೆ. ಮನೆಗೆಲಸದಲ್ಲಿ ರಾಡ್ ತುಂಡಾಗುವುದು ಅಪರೂಪ ಅಂದಿದ್ದು ಇದಕ್ಕೇ. ಅದಕ್ಕೆ ಗಾಬರಿಯಲ್ಲಿ ಎಂ12 ಬದಲು ಎಂ20 ತರಿಸಿ ದುಡ್ಡು ಸುರಿಯುವುದಕ್ಕಿಂತ, ಅದೇ ದುಡ್ಡಲ್ಲಿ ಒಳ್ಳೆ ತಟ್ಟೆ ಮತ್ತು ವಾಷರ್ ತರಿಸುವುದು ಲೇಸು.

8.8 ಬೇಕೆನಿಸಿದರೆ ರಾಡಿನ ತುದಿಗೆ ಹಳದಿ ಬಣ್ಣ ಇದೆಯಾ ನೋಡಿ, ಬಿಲ್ಲಿನಲ್ಲೂ ಗ್ರೇಡ್ ಬರೆಸಿ. ನಟ್ ಕೂಡ 8ರ ಗ್ರೇಡಿನದ್ದೇ ಇರಬೇಕು. ಈ ರಾಡನ್ನು ಕಾಯಿಸಿ ಹದ ಮಾಡಿರುತ್ತಾರೆ. ವೆಲ್ಡಿಂಗ್ ಶಾಪಿನಲ್ಲಿ ಅದಕ್ಕೆ ಮತ್ತೆ ಬೆಂಕಿ ತೋರಿಸಿದರೆ ಆ ಹದ ಅಲ್ಲೇ ಹೋಯಿತು.

ಕಾನ್ಸಾಸ್ ಸಿಟಿಯ ನಟ್ಟು

ತುದಿಯ ಮಾತು ಎಷ್ಟು ಗಂಭೀರ ಅನ್ನೋದಕ್ಕೆ ಇಂಜಿನಿಯರಿಂಗ್ ಓದುವ ಮಕ್ಕಳಿಗೆಲ್ಲ ಹೇಳುವ ಒಂದು ಘಟನೆ ಇದೆ. 1981ರ ಜುಲೈ 17. ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲು. ಹಾಲಿನ ಮೇಲೆ ಎರಡನೇ ಮಹಡಿ ಮತ್ತು ನಾಲ್ಕನೇ ಮಹಡಿ ಮಟ್ಟದಲ್ಲಿ ಒಂದರ ಕೆಳಗೊಂದು ನೇತಾಡುವ ಕಾಲುದಾರಿಗಳು. ಎರಡೂ ಕುಸಿದವು. 114 ಜನ ಸತ್ತರು.

ಮೂಲ ನಕ್ಷೆಯಲ್ಲಿ ಛಾವಣಿಯಿಂದ ಇಳಿಯುವ ಒಂದೇ ಉದ್ದದ ರಾಡ್ ನಾಲ್ಕನೇ ಮಹಡಿಯ ತೊಲೆ ದಾಟಿ ಎರಡನೇ ಮಹಡಿಯ ತೊಲೆಗೂ ಹೋಗಬೇಕಿತ್ತು. ಮಧ್ಯದ ನಟ್ ಅದರ ಜಾಗಕ್ಕೆ ಏರಬೇಕೆಂದರೆ ಅಷ್ಟುದ್ದಕ್ಕೂ ರಾಡಿಗೆ ಸುತ್ತು ಕೊರೆಯಬೇಕು. ಅದು ರಗಳೆ ಅಂತ ಒಂದು ರಾಡನ್ನು ಎರಡು ಮಾಡಿದರು. ಮೇಲಿನದು ಛಾವಣಿಯಿಂದ ನಾಲ್ಕನೇ ಮಹಡಿಯ ತೊಲೆಗೆ, ಕೆಳಗಿನದು ಅದೇ ತೊಲೆಯಿಂದ ಎರಡನೇ ಮಹಡಿಗೆ.

ನೋಡಲು ಏನೂ ವ್ಯತ್ಯಾಸವಿಲ್ಲ. ಹಳೇ ಅಡುಗೆಮನೆಯ ನೆಲುವು ನೆನಪಿಸಿಕೊಳ್ಳಿ. ಒಂದೇ ಹಗ್ಗಕ್ಕೆ ಎರಡು ಕಡೆ ಗಂಟು ಹಾಕಿ ಎರಡು ಗಡಿಗೆ ತೂಗುಹಾಕಿದರೆ ಒಂದೊಂದು ಗಂಟು ಒಂದೊಂದು ಗಡಿಗೆಯನ್ನು ಹೊರುತ್ತದೆ. ಮೇಲಿನ ಗಡಿಗೆಯ ತಳಕ್ಕೇ ಇನ್ನೊಂದು ಗಡಿಗೆ ಕಟ್ಟಿದರೆ? ಮೇಲಿನ ಗಂಟು ಎರಡರ ಭಾರವನ್ನೂ ಹೊರಬೇಕು. ಅಲ್ಲಿ ಆಗಿದ್ದು ಇದೇ. ನಾಲ್ಕನೇ ಮಹಡಿಯ ತೊಲೆಯ ಕೆಳಗಿದ್ದ ನಟ್ಟುಗಳ ಮೇಲೆ ಭಾರ ದುಪ್ಪಟ್ಟಾಯಿತು. ರಾಡ್ ತುಂಡಾಗಲಿಲ್ಲ. ನಟ್, ವಾಷರ್ ಸಮೇತ ತೊಲೆಯನ್ನೇ ಹರಿದುಕೊಂಡು ಹೊರಬಂತು.

ನಮ್ಮ ಮನೆಗಳಲ್ಲಿ ಇಂಥದು ಎಲ್ಲಿ ನಡೆಯುತ್ತದೆ? ಶೆಡ್ಡಿನ ಅಟ್ಟದಿಂದ ಇನ್ನೊಂದು ಅಟ್ಟ ನೇತುಹಾಕುವಾಗ. ಮೊದಲೇ ಇದ್ದ ಆಂಗಲ್ಲಿಗೆ "ಇದಕ್ಕ ಇನ್ನೊಂದು ತೂತು ಹೊಡದ್ರಾತು" ಅಂತ ಹೊಸ ರಾಡ್ ಸೇರಿಸುವಾಗ. ಆಗೆಲ್ಲ ಕೇಳಬೇಕಾದ ಪ್ರಶ್ನೆ ಒಂದೇ: ಈ ಭಾರ ಕೊನೆಗೆ ಯಾವ ನಟ್ಟಿನ ಮೇಲೆ ಹೋಗಿ ಕೂರುತ್ತದೆ?

ತಗಡಿಗೆ ವಾಷರ್ ಮುಖ್ಯ

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಮೋಟೆಬೆನ್ನೂರು ದಾಟುವಾಗ ನೋಡಿ, ಎಷ್ಟು ತಗಡಿನ ಶೆಡ್ಡುಗಳು. ಮೆಣಸಿನಕಾಯಿ ಇಡೋಕೆ, ಗ್ಯಾರೇಜಿಗೆ, ದನ ಕಟ್ಟೋಕೆ, ಮನೆ ಮೇಲೆ ಇನ್ನೊಂದು ನೆರಳಿಗೆ. ಗಾಳಿಗೆ ಮೊದಲು ಏಳುವುದು ಇವೇ.

ಗಂಟೆಗೆ 100 ಕಿ.ಮೀ. ಗಾಳಿ ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಗಾಳಿಯ ವೇಗದಿಂದ ಒತ್ತಡ ಕಂಡುಹಿಡಿಯಲು ಐಎಸ್ 875ರ ಮೂರನೇ ಭಾಗದಲ್ಲಿ ಸೂತ್ರ ಇದೆ. ಅದನ್ನು ಹಾಕಿದರೆ ಚದರ ಮೀಟರಿಗೆ ಸುಮಾರು 47 ಕೆ.ಜಿ. ಒತ್ತಡ. ಹತ್ತಡಿ ಉದ್ದ, ಮೂರಡಿ ಅಗಲದ ಒಂದು ತಗಡಿಗೆ 130 ಕೆ.ಜಿ. ಮೇಲೆತ್ತುವ ಬಲ ಅಂತ ಇಟ್ಟುಕೊಳ್ಳಿ. ಅಂಚು ಮತ್ತು ಮೂಲೆಗಳಲ್ಲಿ ಇನ್ನೂ ಜಾಸ್ತಿ. ತಗಡಿನ ಸ್ವಂತ ತೂಕ ಹದಿನೈದು ಕೆ.ಜಿ. ಕೂಡ ಇರಲ್ಲ. ತಗಡಿನ ಮೇಲೆ ಕಲ್ಲು ಹೇರುವ ನಮ್ಮ ಹಳೇ ಉಪಾಯ ಯಾಕೆ ಸಾಲಲ್ಲ ಅಂತ ಇದರಲ್ಲೇ ಗೊತ್ತಾಗುತ್ತದೆ. ಕಲ್ಲು ಹಾರಿ ಯಾರ ತಲೆ ಮೇಲೆ ಬೀಳುತ್ತದೋ ಅದು ಬೇರೆ ಭಯ.

ಈಗ ಜೆ ಹುಕ್ ಕಡೆ ಬನ್ನಿ. ಎಂ8 ದಪ್ಪದ ಒಂದು ಹುಕ್ಕಿನ ರಾಡ್ 300 ಕೆ.ಜಿ. ತಡೆಯುತ್ತದೆ ಅಂತ ಮೇಲೆ ನೋಡಿದೆವು. ತಗಡಿಗೆ ನಾಲ್ಕು ಹುಕ್ ಇದ್ದರೆ ರಾಡಿನ ಶಕ್ತಿ ಧಾರಾಳ ಆಯಿತು. ಆದರೂ ತಗಡು ಹಾರುತ್ತದೆ. ಹಾರಿದ ತಗಡನ್ನು ಎತ್ತಿ ನೋಡಿ. ತೂತು ಕೀಲಿರಂಧ್ರದ ಹಾಗೆ ಹರಿದಿರುತ್ತದೆ. ಹುಕ್ ಮಾತ್ರ ಪೈಪಿನ ಮೇಲೆ ಹಾಗೇ ನಿಂತಿರುತ್ತದೆ, ಅಥವಾ ಅದರ ಬಾಗು ಬಿಚ್ಚಿಕೊಂಡಿರುತ್ತದೆ. ಅರ್ಧ ಎಂ.ಎಂ. ತಗಡನ್ನು ಒಂದು ರೂಪಾಯಿ ನಾಣ್ಯದಷ್ಟು ವಾಷರ್ ಹಿಡಿಯಬೇಕು ಅಂದರೆ ಇನ್ನೇನಾಗುತ್ತದೆ?

ಹಾಗಾಗಿ ಅಗಲವಾದ ವಾಷರ್, ಅದರ ಅಡಿಗೆ ರಬ್ಬರು. ಸುತ್ತಲೆಯ ತಗಡಾದರೆ ಅದರ ಬೆನ್ನಿಗೆ ಒಪ್ಪುವಂತೆ ಬಾಗಿದ ವಾಷರ್ ಕೇಳಿ. ತೂತು ತಗಡಿನ ಏರಿನ ಮೇಲೆ ಇರಲಿ, ನೀರು ಹರಿಯುವ ತಗ್ಗಿನಲ್ಲಿ ಬೇಡ. ಹುಕ್ಕಿನ ಬಾಯಿ ಕೆಳಗಿನ ಪೈಪನ್ನು ಪೂರ್ತಿ ತಬ್ಬಿರಬೇಕು. ದುಂಡನೆ ಪೈಪಿಗೆ ಮಾಡಿದ ಹುಕ್ ಚೌಕ ಪೈಪಿಗೆ ಕೂರುವುದಿಲ್ಲ. ಸೂರಿನ ಅಂಚಿನ ಸಾಲಲ್ಲಿ ಹುಕ್ಕುಗಳನ್ನು ಹತ್ತಿರ ಹತ್ತಿರ ಹಾಕಿಸಿ, ಮಧ್ಯದಲ್ಲಿ ಸ್ವಲ್ಪ ದೂರವಾದರೂ ನಡೆಯುತ್ತದೆ.

ಪೈಪ್ ಕಂಬಕ್ಕೆ, ಕಂಬ ನೆಲಕ್ಕೆ ಬಿಗಿಯಾಗಿದೆಯಾ ಅಂತಲೂ ನೋಡಿಸಿ. ತಗಡು ಗಟ್ಟಿ ಹಿಡಿದು ಕಂಬ ಸಡಿಲ ಇದ್ದರೆ ಗಾಳಿ ಇಡೀ ಶೆಡ್ಡನ್ನೇ ಎತ್ತಿಕೊಂಡು ಹೋಗುತ್ತದೆ. ಟ್ಯಾಂಕ್ ಸ್ಟ್ಯಾಂಡಿಗೂ ಇದೇ ಮಾತು. ತುಂಬಿದ ಟ್ಯಾಂಕು ತನ್ನ ಭಾರಕ್ಕೇ ನಿಲ್ಲುತ್ತದೆ. ಗಾಳಿಗೆ ಉರುಳುವುದು ಬೇಸಿಗೆಯ ಖಾಲಿ ಟ್ಯಾಂಕು.

ಹೊಟ್ಟೆ ಬಂದ ಗೋಡೆ

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು. ಪ್ರತಿ ಮಳೆಗಾಲದಲ್ಲೂ ಹಾವೇರಿ ಜಿಲ್ಲೆಯಲ್ಲಿ ಮಣ್ಣಿನ ಗೋಡೆ ಕುಸಿದ ಸುದ್ದಿ ಓದುತ್ತೇವೆ. ಬಹಳ ಸಲ ರಾತ್ರಿ, ಮನೆಯವರು ಮಲಗಿದಾಗ.

ಮೋಟೆಬೆನ್ನೂರಿನ ನಮ್ಮ ಮನೆಯಲ್ಲೂ ಎರಡು ಗೋಡೆ ಹೊಟ್ಟೆ ಬಂದಿದ್ದವು. ಒಂದು ಪಡಸಾಲೆಯದು, ಇನ್ನೊಂದು ಬಚ್ಚಲಿನ ಬೆನ್ನಿಗಿದ್ದ ಅಡುಗೆಮನೆಯದು. ಎರಡಕ್ಕೂ ಒಂದೊಂದು ರಾಡ್ ಎಳೆಸಿದರೆ ಮುಗೀತು ಅನ್ನೋದು ಮನೆಯವರ ಅಭಿಪ್ರಾಯ. ಅವ್ವನದಂತೂ ಹಟ. "ನಾ ಲಗ್ನ ಆಗಿ ಬಂದಾಗಿಂದ ಈ ಗ್ವಾಡಿ ಹಿಂಗ ಐತಿ. ಒಂದ್ ರಾಡ್ ಹಾಕಸು, ಸಾಕು. ಕೆಡವೂದೇನ್ ಬ್ಯಾಡ."

ಹಳೇ ಕಟ್ಟಡಗಳಲ್ಲಿ ಎದುರುಬದುರು ಗೋಡೆಗಳನ್ನು ರಾಡಿನಿಂದ ಕಟ್ಟುವುದು ಹಳೆಯ, ಒಳ್ಳೆಯ ಪದ್ಧತಿಯೇ. ಹಳೇ ಕಲ್ಲು-ಇಟ್ಟಿಗೆ ಗೋಡೆಗಳ ಹೊರಗೆ ಕಾಣುವ ಕಬ್ಬಿಣದ ದುಂಡು ತಟ್ಟೆ, ಗುಣಿಸು ಚಿಹ್ನೆಯಂಥ ಪಟ್ಟಿ ಎಲ್ಲ ಅಂಥ ರಾಡಿನ ತುದಿಗಳೇ. ಆದರೆ ಅದಕ್ಕೆ ಎರಡು ಷರತ್ತು.

ಮೊದಲನೆಯದು ತಟ್ಟೆ. ರಾಡಿನಲ್ಲಿ ಒಂದು ಟನ್ ಎಳೆತ ಬಂತು ಅನ್ನಿ. ತುದಿಗೆ 5 ಸೆಂ.ಮೀ. ವಾಷರ್ ಇದ್ದರೆ ಅದರಡಿಯ ಗೋಡೆಗೆ ಚದರ ಸೆಂಟಿಮೀಟರಿಗೆ 50 ಕೆ.ಜಿ.ಗೂ ಹೆಚ್ಚು ಒತ್ತಡ. ಮಣ್ಣಿನ ಗೋಡೆಯಲ್ಲಿ ಅದು ಬೆಣ್ಣೆಯಲ್ಲಿ ಬೆರಳು ಇಳಿದ ಹಾಗೆ ಇಳಿಯುತ್ತದೆ. ಅದೇ ತುದಿಗೆ 30 ಸೆಂ.ಮೀ. ಚೌಕದ ತಟ್ಟೆ ಇಟ್ಟರೆ ಒತ್ತಡ ಸುಮಾರು ಒಂದು ಕೆ.ಜಿ.ಗೆ ಇಳಿಯಿತು. ರಾಡ್ ಅದೇ, ಗೋಡೆ ಅದೇ, ಬದಲಾಗಿದ್ದು ತಟ್ಟೆ ಒಂದೇ.

ಎರಡನೆಯದು ಗೋಡೆಯ ಬುಡ. ಮೇಲೆ ಬಾಗಿದ ಗೋಡೆಯನ್ನು ರಾಡ್ ಹಿಡಿದು ನಿಲ್ಲಿಸಬಲ್ಲದು. ಬುಡದಲ್ಲಿ ನೆನೆದು ಮೆತ್ತಗಾದ ಗೋಡೆಯನ್ನು ಯಾವ ರಾಡೂ ನಿಲ್ಲಿಸಲಾರದು. ಅದು ಕೆಳಗಿನಿಂದ ಕರಗಿ ಕೂರುತ್ತದೆ.

ಹಾವೇರಿಯಿಂದ ಇಂಜಿನಿಯರ್ ಒಬ್ಬರನ್ನು ಕರೆಸಿದೆ. ನಾನೂ ಸಿವಿಲ್ ಓದಿದವನೇ. ಆದರೆ ಸ್ವಂತ ಮನೆ, ಅವ್ವನ ಹಟ, ಎರಡರ ನಡುವೆ ನಿಂತವನ ಕಣ್ಣಿಗಿಂತ ಹೊರಗಿನವರ ಕಣ್ಣು ಒಳ್ಳೆಯದು. ಅವರು ಗೌಂಡಿಯ ಕೈಲಿ ಬುಡದ ಗಿಲಾವು ಕೀಳಿಸಿದರು. ಪಡಸಾಲೆ ಗೋಡೆಯ ಬುಡ ಒಣಗಿ ಗಟ್ಟಿಯಾಗಿತ್ತು. ಅಡುಗೆಮನೆಯದು ಬಚ್ಚಲ ನೀರು ಕುಡಿದು ಕುಡಿದು ಮುಟ್ಟಿದರೆ ಉದುರುತ್ತಿತ್ತು. ಮೊದಲನೆಯದಕ್ಕೆ ಎಂ16ರ ಎರಡು ರಾಡ್, ಎರಡೂ ಕಡೆ ಅಡಿ ಚೌಕದ 10 ಎಂ.ಎಂ. ದಪ್ಪದ ತಟ್ಟೆ, ತಟ್ಟೆಯ ಹಿಂದೆ ಗಾರೆ ತುಂಬಿ ಸಮತಟ್ಟು ಮಾಡಿ ನಟ್ ಬಿಗಿದದ್ದು. ಎರಡನೆಯದನ್ನು ಕೆಡವಲೇಬೇಕು ಅಂದರು.

ಅವ್ವ ಎರಡು ದಿನ ಮಾತಾಡಲಿಲ್ಲ. ಆ ಗೋಡೆಯ ಮಾಡದಲ್ಲಿ ನಲವತ್ತು ವರ್ಷ ದೀಪ ಇಟ್ಟವಳು. ಕೊನೆಗೆ ಗೌಂಡಿ ಹೊಸ ಗೋಡೆಯಲ್ಲಿ ಅದೇ ಎತ್ತರಕ್ಕೆ ಒಂದು ಮಾಡ ಬಿಡ್ತೀನಿ ಅಂದಮೇಲೆ ಪಾತ್ರೆಗಳನ್ನು ಪಡಸಾಲೆಗೆ ಸಾಗಿಸಿದಳು.

ನಿಮಗೆ ಹೇಳಬೇಕಾದದ್ದು ಇಷ್ಟೇ. ಇಂಥ ಗೋಡೆಗೆ ರಾಡ್ ಅಗ್ಗ, ಮನಸ್ಸಿಗೆ ಸಮಾಧಾನವೂ ಕೊಡುತ್ತದೆ. ಆ ಸಮಾಧಾನವೇ ಅಪಾಯ. ರಾಡ್ ಹಾಕಿಸಿದ್ದೇವೆ ಅಂತ ಧೈರ್ಯವಾಗಿ ಅದೇ ಗೋಡೆ ಪಕ್ಕ ಹಾಸಿಗೆ ಹಾಸುತ್ತಾರೆ. ಆದ್ದರಿಂದ ಬುಡ ನೋಡದೆ ರಾಡಿಗೆ ದುಡ್ಡು ಕಳಿಸಬೇಡಿ. ಮೊದಲು ನೀರು ತಿರುಗಿಸಿ, ಆಮೇಲೆ ಇಂಜಿನಿಯರ್, ಆಮೇಲೆ ರಾಡ್. ಗೋಡೆಯನ್ನು ಪಾನಾದಿಂದ ಎಳೆದು ನೆಟ್ಟಗೆ ಮಾಡುವ ಸಾಹಸವೂ ಬೇಡ. ರಾಡ್ ಇರುವುದು ಇದ್ದಲ್ಲಿ ಹಿಡಿಯೋಕೆ.

ಸ್ಲ್ಯಾಬಿನಲ್ಲಿ ಕೂರಿಸುವಾಗ

ಸೋಲಾರ್ ಸ್ಟ್ಯಾಂಡು, ಟೆರೇಸಿನ ಶೆಡ್ಡು ಅಂದರೆ ಈಗ 'ಕೆಮಿಕಲ್ ಆಂಕರ್' ಮಾತು ಬರುತ್ತದೆ. ಕಾಂಕ್ರೀಟಿಗೆ ತೂತು ಕೊರೆದು, ಅಂಟು ತುಂಬಿ, ಥ್ರೆಡ್ ರಾಡ್ ತಿರುಗಿಸುತ್ತ ಇಳಿಸುವುದು. ಎಂ12ಕ್ಕೆ ಸಾಮಾನ್ಯವಾಗಿ 14 ಎಂ.ಎಂ. ತೂತು, 110 ಎಂ.ಎಂ. ಆಳ. ಆದರೆ ನಮ್ಮ ಮನೆಗಳ ಸ್ಲ್ಯಾಬೇ ನಾಲ್ಕೈದು ಇಂಚು. ಅಷ್ಟು ಆಳ ಕೊರೆದರೆ ಕೆಳಗಿನ ಕೋಣೆ ಕಾಣುತ್ತದೆ. ಅಂಥ ಕಡೆ ತೊಲೆಯ ಮೇಲೆ ಜಾಗ ಹುಡುಕಿ. ಇಲ್ಲವೇ ರಾಡನ್ನು ಆರ್‌ಪಾರ್ ದಾಟಿಸಿ ಕೆಳಗೊಂದು ತಟ್ಟೆ ಕೊಟ್ಟು ನಟ್ ಬಿಗಿದು, ಮೇಲೆ ನೀರು ಇಳಿಯದಂತೆ ಮುಚ್ಚಿಸಿ.

ಅಂಟು ಹಿಡಿಯುವುದು ಕಾಂಕ್ರೀಟನ್ನು, ಧೂಳನ್ನಲ್ಲ. ಕೊರೆದ ತೂತನ್ನು ಊದಿ, ಬ್ರಷ್ ಹಾಕಿ, ಮತ್ತೆ ಊದಬೇಕು. ಹತ್ತರಲ್ಲಿ ಎಂಟು ಕಡೆ ಇದನ್ನು ಬಿಟ್ಟಿರುತ್ತಾರೆ ಅಂತ ನನ್ನ ಅಂದಾಜು. ತಲೆ ಮೇಲೆ ಸದಾ ಭಾರ ನೇತಾಡುವ ಕಡೆಯಂತೂ ಅಂಟನ್ನೇ ನಂಬಬೇಡಿ. 2006ರ ಜುಲೈನಲ್ಲಿ ಅಮೆರಿಕದ ಬಾಸ್ಟನ್ನಿನ ಸುರಂಗವೊಂದರಲ್ಲಿ ಚಾವಣಿಯ ಕಾಂಕ್ರೀಟ್ ಹಲಗೆಗಳು ಕಾರಿನ ಮೇಲೆ ಬಿದ್ದು ಒಬ್ಬ ಮಹಿಳೆ ಸತ್ತರು. ಅಲ್ಲೂ ರಾಡ್ ಗಟ್ಟಿಯಾಗಿಯೇ ಇತ್ತು. ವರ್ಷಗಟ್ಟಲೆ ಭಾರಕ್ಕೆ ಅಂಟು ನಿಧಾನವಾಗಿ ಹಿಗ್ಗಿ ಕೈಬಿಟ್ಟಿತ್ತು.

ಉದ್ದ ಸಾಲದಿದ್ದರೆ

ಮೂರು ಮೀಟರ್ ಸಾಲದಿದ್ದರೆ ಎರಡು ತುಂಡಿಗೆ ವೆಲ್ಡಿಂಗ್ ಹೊಡೆಸುವುದು ನಮ್ಮಲ್ಲಿ ವಾಡಿಕೆ. ಬೇಡ. ಗುಜರಾತಿನ ಮೋರ್ಬಿಯಲ್ಲಿ 2022ರ ಅಕ್ಟೋಬರ್ 30ರಂದು ತೂಗುಸೇತುವೆ ಹರಿದು 135 ಜನ ಸತ್ತರಲ್ಲ, ಅದರ ತನಿಖಾ ತಂಡ ಹೇಳಿದ ಮುಖ್ಯ ಕಾರಣ ತುಕ್ಕು ಹಿಡಿದ ಕೇಬಲ್ಲಿನದು. ಜೊತೆಗೆ, ರಿಪೇರಿಯಲ್ಲಿ ಹಳೇ ತೂಗುಸರಳುಗಳಿಗೆ ಹೊಸದನ್ನು ವೆಲ್ಡ್ ಮಾಡಿದ್ದನ್ನೂ ಅದು ಎತ್ತಿ ತೋರಿಸಿತು. ಒಂದೇ ಸರಳಿನ ತೂಗುಗಳನ್ನು ಬಳಸಬೇಕಿತ್ತು ಅನ್ನೋದು ಅದರ ಮಾತು.

ಥ್ರೆಡ್ ರಾಡ್ ಜೋಡಿಸಲು ಉದ್ದದ ನಟ್ ಸಿಗುತ್ತದೆ, 'ಕಪ್ಲಿಂಗ್ ನಟ್' ಅಂತ ಕೇಳಿ. ಅದರ ಉದ್ದ ರಾಡಿನ ದಪ್ಪದ ಸುಮಾರು ಮೂರು ಪಟ್ಟು. ಎರಡೂ ರಾಡ್ ಅದರೊಳಗೆ ಸರಿಯಾಗಿ ಅರ್ಧರ್ಧ ಹೋಗಬೇಕು. ಇಳಿಸುವ ಮೊದಲೇ ಎರಡೂ ರಾಡಿಗೆ ಅಷ್ಟುದ್ದಕ್ಕೆ ಮಾರ್ಕರಿನಲ್ಲಿ ಗೆರೆ ಎಳೆದುಕೊಂಡರೆ ಒಂದೇ ಕಡೆ ಓಡಿಹೋಗುವುದಿಲ್ಲ.

ಕತ್ತರಿಸುವಾಗಲೂ ಒಂದು ಉಪಾಯ. ಮೊದಲು ರಾಡಿಗೆ ನಟ್ ಹಾಕಿ ಒಳಗೆ ಓಡಿಸಿಟ್ಟುಕೊಳ್ಳಿ, ಆಮೇಲೆ ಕತ್ತರಿಸಿ, ತುದಿ ಉಜ್ಜಿ, ನಟ್ ಅನ್ನು ಹೊರಗೆ ತೆಗೆಯಿರಿ. ತುದಿಯ ಸುತ್ತು ತಾನಾಗಿ ಸರಿಯಾಗುತ್ತದೆ. ಬಿಗಿದ ಮೇಲೆ ನಟ್ಟಿನ ಹೊರಗೆ ಎರಡು ಮೂರು ಸುತ್ತು ಕಾಣಬೇಕು. ನಟ್ಟಿನೊಳಗೇ ರಾಡ್ ಮುಗಿದಿದ್ದರೆ ಆ ಕೆಲಸ ಒಪ್ಪಬೇಡಿ. ಅಲ್ಲಾಡುವ ಕಡೆ, ಅಂದರೆ ಮೋಟಾರು, ಶೆಡ್ಡು, ಸೋಲಾರಿನಲ್ಲಿ, ಇನ್ನೊಂದು ನಟ್ ಮೇಲೆ ಹಾಕಿ ಬಿಗಿಸಿ.

ತುಕ್ಕು

ಹೊಳೆಯುವ ಬಿಳಿ ರಾಡ್ ಅಂದರೆ ಸತುವಿನ ತೆಳು ಲೇಪ, ಕೆಲವೇ ಮೈಕ್ರಾನ್. ಮನೆಯೊಳಗೆ ಸಾಕು, ಬಯಲಿಗೆ ಸಾಲದು. ಬಿಸಿಲು-ಮಳೆಗೆ ನಿಲ್ಲುವುದಕ್ಕೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದ, ಮಂಕು ಬೂದು ಬಣ್ಣದ ರಾಡ್ ಕೇಳಿ. ಅದರ ಲೇಪ ದಪ್ಪ, ಹಾಗಾಗಿ ಅದಕ್ಕೆ ಹೊಂದುವ ನಟ್ಟೇ ಬೇಕು, ಮಾಮೂಲಿ ನಟ್ ಹತ್ತುವುದಿಲ್ಲ. ಬಚ್ಚಲು, ನೀರಿನ ಟ್ಯಾಂಕಿನ ಹತ್ತಿರ ಸ್ಟೇನ್‌ಲೆಸ್ ಒಳ್ಳೆಯದು. ಬಿಗಿಯುವ ಮೊದಲು ಸುತ್ತಿಗೆ ಒಂದಿಷ್ಟು ಗ್ರೀಸ್ ಹಚ್ಚಿ. ಇಲ್ಲದಿದ್ದರೆ ಸ್ಟೇನ್‌ಲೆಸ್ ನಟ್ ಮಧ್ಯದಲ್ಲೇ ಕಚ್ಚಿಕೊಂಡು ಹಿಂದೂ ಇಲ್ಲ ಮುಂದೂ ಇಲ್ಲ. ಯಾವ ರಾಡಾದರೂ ಕತ್ತರಿಸಿದ ತುದಿಗೆ ಸತುವಿನ ಪೇಂಟ್ ಬಳಿಸಿ. ತುಕ್ಕು ಮೊದಲು ಹತ್ತುವುದೂ ತುದಿಗೇ.

ಫೋನಿನಲ್ಲಿ ಕೇಳಬೇಕಾದ ಆರು ಮಾತು

ಇನ್ನೊಮ್ಮೆ ಊರಿಂದ "ಎಷ್ಟು ಸೂತು?" ಅಂತ ಫೋನ್ ಬಂದರೆ, ದುಡ್ಡು ಕಳಿಸುವ ಮೊದಲು ಇಷ್ಟು ಕೇಳಿ.

1. ಎರಡೂ ತುದಿ ಯಾವುದರ ಮೇಲೆ ಕೂರುತ್ತವೆ? ತಗಡೋ, ಮಣ್ಣೋ, ಕಾಂಕ್ರೀಟೋ, ಕಬ್ಬಿಣವೋ? ಫೋಟೊ ಬೇಕು.
2. ಆ ತುದಿಗೆ ಯಾವ ಅಳತೆಯ ತಟ್ಟೆ ಅಥವಾ ವಾಷರ್?
3. ರಾಡ್ ಎಂ.ಎಂ.ನದೋ ಇಂಚಿನದೋ? ನಟ್ ಬೆರಳಲ್ಲಿ ಓಡುತ್ತದೆಯೋ? ಒಂದು ವಿಡಿಯೊ ಕಳಿಸಲು ಹೇಳಿ, ಹತ್ತು ಸೆಕೆಂಡು ಸಾಕು.
4. ಭಾರ ನೇರ ಎಳೆಯುತ್ತದೋ, ಓರೆಯಾಗಿ ಬಗ್ಗಿಸುತ್ತದೋ? ಮೇಲಿನ ಲೆಕ್ಕ ನೇರ ಎಳೆತಕ್ಕೆ ಮಾತ್ರ.
5. ಬಯಲಲ್ಲೋ, ನೆರಳಲ್ಲೋ, ನೀರಿನ ಹತ್ತಿರವೋ?
6. ಇದರ ಕೆಳಗೆ ಯಾರು ಕೂರುತ್ತಾರೆ, ಯಾರು ಮಲಗುತ್ತಾರೆ?

ಕೊನೆಯ ಪ್ರಶ್ನೆಗೆ ಉತ್ತರ 'ಯಾರೂ ಇಲ್ಲ' ಅಂತಾದರೆ ವೆಲ್ಡಿಂಗ್ ಶಾಪಿನ ಅಣ್ಣನ ಅನುಭವವೇ ಸಾಕು. ಅಜ್ಜಿ, ಮಕ್ಕಳು, ಕೆಲಸದವರು, ಯಾರದೇ ಹೆಸರು ಬಂದರೂ ಒಬ್ಬ ಇಂಜಿನಿಯರನ್ನು ಸ್ಥಳಕ್ಕೆ ಕರೆಸಿ. ಅವರ ಫೀ ಹೆಚ್ಚಾಯಿತು ಅನ್ನಿಸಿದರೆ, ಮೊದಲು ರಾಡಿನ ದಪ್ಪದಲ್ಲಿ ಉಳಿಸಬಹುದಾ ನೋಡಿ. ಬಹಳ ಸಲ ಉಳಿಯುತ್ತದೆ.

ಈ ಭಾನುವಾರ ಊರಿಗೆ ಹೋಗುವವರು ಒಂದು ಸಲ ಟೆರೇಸ್ ಹತ್ತಿ, ಇರುವ ನಟ್ಟುಗಳಿಗೆ ಪಾನಾ ಹಾಕಿ ನೋಡಿ. ಸಡಿಲ ಇದ್ದರೆ ಅಲ್ಲೇ ಬಿಗಿಯಿರಿ. ಉತ್ತರ ಸಿಗದ ಫೋಟೊ ಇದ್ದರೆ ಅಂಕಣಕ್ಕೆ ಕಳಿಸಿ, ತುದಿ ಕಾಣುವ ಹಾಗೆ.